ನಮ್ಮ ಪಾಳಿಗೆ ಬಿಟ್ಟ ಜಾಗ

ಇದು ನಡೆದದ್ದು ಹೀಗೆಯೇ ಎಂದು ಪ್ರಮಾಣ ಮಾಡಿ ಹೇಳಲಾರೆ. ನೆನಪು ತನಗೆ ಬೇಕಾದ್ದನ್ನು ಸೇರಿಸಿಕೊಳ್ಳುತ್ತದೆ, ಬೇಡದ್ದನ್ನು ಮೆಲ್ಲಗೆ ಬಿಟ್ಟುಬಿಡುತ್ತದೆ. ಕಳೆದ ವಾರ ಹಳೆಯ ಫೋನಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸುತ್ತಿದ್ದಾಗ ಹೆಸರಿಲ್ಲದ ಒಂದು ಧ್ವನಿಮುದ್ರಿಕೆ ಸಿಕ್ಕಿತು. ಒತ್ತಿದೆ. ಮೊದಲು ಒಂದು ಕೆಮ್ಮು, ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಸದ್ದು... ಭಜನೆ ಮಾವ! ನಾವೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು.

ಟಿಟ್ವಾಳಾದಿಂದ ಹೊರಡುವ ಬೆಳಗಿನ ಲೋಕಲ್ ರೈಲಿನಲ್ಲಿ ನಮ್ಮದೊಂದು ಕನ್ನಡ ಭಜನಾ ಮಂಡಳಿ ಇತ್ತು. ಮಾವ ಉಡುಪಿ ಕಡೆಯವರು, ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಅವರು ಟಿಟ್ವಾಳಾದಲ್ಲೇ ಹತ್ತಿ ಕಿಟಕಿ ಪಕ್ಕ ಕೂರುತ್ತಿದ್ದರು. ನಾನು ಕಲ್ಯಾಣದಲ್ಲಿ ನುಗ್ಗುತ್ತಿದ್ದೆ. ಅವರು ಒಂದು ಸಾಲು ಹೇಳಿದರೆ ಉಳಿದವರು ಅದನ್ನೇ ತಿರುಗಿ ಹಾಡಬೇಕು, ನಾವು ಇಳಿಯುವ ಠಾಣೆ ಸ್ಟೇಷನ್ ಬರುವವರೆಗೆ. ದೇವರನ್ನು ನಂಬದ ನಾನು ಯಾಕೆ ಹಾಡುತ್ತಿದ್ದೆನೋ... ಆ ನೂಕುನುಗ್ಗಲಿನಲ್ಲಿ ಹಾಡಿದರೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಂತಾಗುತ್ತಿತ್ತು.

ಆಮೇಲೆ ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂತು. ರೇಡಿಯೊ, ಪೇಪರು, ಟೀವಿ, ಕ್ಯಾಮೆರಾ, ಇಸ್ಪೀಟು, ಎಲ್ಲ ಬಂದು ಒಂದೇ ಗಾಜಿನ ತುಂಡಿನೊಳಗೆ ಕೂತವು. ಒಬ್ಬೊಬ್ಬರೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನಿಂತ ಜಾಗ ಬಿಡದೆಯೇ ಮಂಡಳಿ ಬಿಟ್ಟರು. ಒಬ್ಬನಿಗೆ ಕ್ರಿಕೆಟ್, ಇನ್ನೊಬ್ಬನಿಗೆ ಸೀರಿಯಲ್, ನನಗೆ ಯಾರದೋ ಭಾಷಣ. ಮಾವ ಮಾತ್ರ ಫೋನನ್ನು ಒಮ್ಮೆಯೂ ಬೈಯಲಿಲ್ಲ. ಅದರಲ್ಲಿ ಶ್ರುತಿಪೆಟ್ಟಿಗೆ ಹಾಕಿಸಿಕೊಂಡು ಹಾಡುತ್ತಿದ್ದರು. "ಹಾರ್ಮೋನಿಯಂ ಹೊತ್ತುಕೊಂಡು ಈ ಗಾಡಿ ಹತ್ಲಿಕ್ಕೆ ಆಗ್ತದಾ ಮಾರಾಯ? ಇದಾದ್ರೆ ಅಂಗಿ ಕಿಸೆಯಲ್ಲಿ ಸುಮ್ಮನೆ ಕೂತ್ಕೊಳ್ತದೆ."

ಒಂದು ದಿನ ಗಂಟಲಲ್ಲಿ ಗಡ್ಡೆ ಎಂದರು. ಆಪರೇಷನ್ ಆದ ಮೇಲೆ ಸ್ವರ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಾವು ಏನೇನೋ ಸಮಾಧಾನ ಹೇಳಿದೆವು.

"ನನ್ನ ಸ್ವರದ್ದು ಬಿಡಿ. ನಾನು ಹೇಳಿಕೊಡದಿದ್ರೆ ನೀವು ಹಾಡ್ತೀರಾ? ನಂಗೆ ಅದೇ ಚಿಂತೆ."

ಅಷ್ಟರಲ್ಲಿ ಠಾಣೆ ಬಂದು ಎಲ್ಲರೂ ಬಾಗಿಲ ಕಡೆ ನುಗ್ಗಿದೆವು ಎಂದು ನನ್ನ ನೆನಪು.

ಆಪರೇಷನ್ ಮುಗಿದು ಕೆಲಕಾಲದ ಮೇಲೆ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಬಂದರು. ಮಾತಿಲ್ಲ. ಖಾಲಿ ಸ್ಟೀಲ್ ಡಬ್ಬಿಯೊಂದನ್ನು ತೊಡೆಯ ಮೇಲಿಟ್ಟು, ಸದ್ದು ಹೆಚ್ಚಲೆಂದು ಫೋನನ್ನು ಅದರೊಳಗೆ ನಿಲ್ಲಿಸಿ ಒತ್ತಿದರು. ಆಪರೇಷನ್ನಿಗೆ ಮೊದಲೇ ಮನೆಯಲ್ಲಿ ಒಬ್ಬರೇ ಕೂತು ಹಾಡಿಟ್ಟಿದ್ದರು. ಅವರ ಹಳೆಯ ಸ್ವರ ಡಬ್ಬಿಯಿಂದ ಎದ್ದು ಬಂತು. ಒಂದು ಸಾಲು. ಆಮೇಲೆ ಏನೂ ಇಲ್ಲ.

"ಮಾವಾ, ಫೋನ್ ಹ್ಯಾಂಗ್ ಹೋ ಗಯಾ ಕ್ಯಾ?" ಫೋನ್ ಕೆಟ್ಟು ನಿಂತಿತೆಂದು ಬಾಗಿಲ ಬಳಿಯಿದ್ದ ತರುಣನೊಬ್ಬ ನಕ್ಕ. ಕಲ್ಯಾಣದಲ್ಲೇ ಹುಟ್ಟಿ ಬೆಳೆದ ನಮ್ಮ ಕನ್ನಡದವನೇ.

ಮಾವ ಅಲುಗಲಿಲ್ಲ. ಎರಡನೇ ಸಾಲು ಬಂತು, ಮತ್ತೆ ಖಾಲಿ. ಆಗ ಧಾರವಾಡ ಕಡೆಯ ಹಿರಿಯರೊಬ್ಬರು ಇಯರ್‌ಫೋನ್ ಕಿತ್ತು ಗದರಿದರು: "ಹ್ಯಾಂಗ್ ಅಲ್ಲೋ ತಮ್ಮಾ, ನಮ್ಮ ಪಾಳಿ ಅದ! ಬಾಯಿಗೂ ಬೂಚ್ ಹಾಕ್ಕೊಂಡೀರೇನು? ಹಾಡ್ರಲೇ!"

ಮೂರನೇ ಸಾಲಿಗೆ ನಾಲ್ಕಾರು ದನಿ ಸೇರಿದವು. ಠಾಣೆಗೆ ಮುಂಚಿನ ಕಳವಾ ಸ್ಟೇಷನ್ ದಾಟುವಾಗ ಇಡೀ ಬೋಗಿ ಹಾಡುತ್ತಿತ್ತು ಎಂದು ಬರೆಯುವ ಆಸೆ... ಅರ್ಧ ಬೋಗಿಯೂ ಇರಲಿಲ್ಲವೇನೋ. ಮಾವನ ತುಟಿಗಳು ಮಾತ್ರ ಅಲುಗುತ್ತಿದ್ದವು. ಇಳಿಯುವ ಮೊದಲು ಆ ಮುದ್ರಿಕೆಯನ್ನು ನಮಗೆಲ್ಲ ಕಳಿಸಿದರು.

ಮುಂದಿನ ದಸರೆಗೆ ಬೋಗಿಗೆ ಮಾವಿನೆಲೆ ಕಟ್ಟುವಾಗ ಅವರಿರಲಿಲ್ಲ. ಮಂಡಳಿ ಮಾತ್ರ ಇದೆ. ಈಗ ಸಾಲು ಹೇಳಿಕೊಡುವವನು ಅಂದು ಬಾಗಿಲ ಬಳಿ ನಕ್ಕವನೇ. ಕನ್ನಡ ಓದಲು ಬಾರದು; ಫೋನಿನಲ್ಲಿ ದೇವನಾಗರಿಯಲ್ಲಿ ಬರೆದಿಟ್ಟುಕೊಂಡು ಹಾಡುತ್ತಾನೆ.

ನನಗೆ ಉಳಿದಿದ್ದ ಅನುಮಾನ ಒಂದೇ. ಆ ಖಾಲಿ ಜಾಗಗಳನ್ನು ಮಾವ ಬೇಕೆಂದೇ ಬಿಟ್ಟಿದ್ದರೇ? ಅಥವಾ ಉಸಿರು ಸಾಲದೆ ನಿಲ್ಲಿಸಿದ್ದನ್ನು ನಾವೇ ನಮ್ಮ ಪಾಳಿ ಎಂದುಕೊಂಡೆವೇ? ರೈಲಿನ ಗದ್ದಲದಲ್ಲಿ ತಿಳಿಯುವಂತಿರಲಿಲ್ಲ. ಮೊನ್ನೆ ಮನೆಯ ಕಿಟಕಿ ಬಾಗಿಲು ಹಾಕಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು ಆ ಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಆ ಜಾಗಗಳು ಖಾಲಿಯಾಗಿಲ್ಲ. ಒಂದೊಂದರಲ್ಲೂ ಬೆರಳಿನಿಂದ ಮೇಜು ತಟ್ಟುವ ಸದ್ದಿದೆ. ಮೆಲ್ಲಗೆ, ತಾಳ ತಪ್ಪದೆ, ನಾವು ಹಾಡಿ ಮುಗಿಸಲು ಬೇಕಾದಷ್ಟು ಹೊತ್ತು.