ಚಹಾ ತಟ್ಟೆಯಡಿಯ ಒಣ ಜಾಗ

ಘರ್ಷಣೆಗೆ ನಾನು ಕೊಟ್ಟ ಅಂಕಿ ಸೊನ್ನೆ ಪಾಯಿಂಟ್ ಒಂದು. ಪಠ್ಯಪುಸ್ತಕದಿಂದ ಎತ್ತಿಕೊಂಡದ್ದು. ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಅಷ್ಟು ಹಟ ಹಿಡಿದದ್ದೂ ಅದಕ್ಕೇ.

ಹೊಸನಗರದ ಹೊರಗೆ ಒಂದು ಪ್ರೆಸ್ ಶೆಡ್ಡು. ಅಡಿಕೆಗೆ ಔಷಧಿ ಹೊಡೆಯುವ ಪಂಪಿನ ಉಕ್ಕಿನ ಬಟ್ಟಲುಗಳನ್ನು ಅಲ್ಲಿ ಮಾಡುತ್ತಾರೆ. ದುಂಡನೆಯ ತಗಡಿಗೆ ಜಿಡ್ಡು ಹಚ್ಚಿ ಅಚ್ಚಿನ ಮೇಲಿಟ್ಟು, ಮೇಲಿನಿಂದ ಉಕ್ಕಿನ ಗುಂಡು ಒತ್ತಿದರೆ, ತಗಡು ಒಳಕ್ಕೆ ಜಾರಿ ಬಟ್ಟಲಾಗುತ್ತದೆ. ಕೊಳ್ಳುವವರು ಸಾಗರದ ಪಂಪು ಕಂಪನಿಯವರು. ಹೊಸ ಆರ್ಡರ್ ಕೊಡುವ ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷೆ ಆಗಲಿ ಎಂದು ಅವರ ಎಂಜಿನಿಯರ್ ಹೇಳಿದರು. ತೀರ್ಥಹಳ್ಳಿಯಲ್ಲಿ ಮನೆಯಲ್ಲೇ ಕೂತು ಇಂಥ ಕೆಲಸ ಮಾಡಿಕೊಡುವವಳು ನಾನು. ತಗಡಿಗೆಲ್ಲ ಆ ಒಂದೇ ಅಂಕಿ ಹಾಕಿದೆ. ನನ್ನ ಪರದೆಯ ಮೇಲೆ ಬಟ್ಟಲಿನ ತಳದಂಚು ಕೆಂಪಾಯಿತು, ಅಂದರೆ ಹರಿಯುತ್ತದೆ. ಹಾಗೆಯೇ ವರದಿ ಕಳಿಸಿದೆ.

ಶೆಡ್ಡಿನಲ್ಲಿ ಬಟ್ಟಲು ಹರಿದದ್ದೇ ಇಲ್ಲ. ಅದು ಅದೃಷ್ಟ ಅಂದರು ಎಂಜಿನಿಯರ್. ಕೈಯಲ್ಲಿ ಜಿಡ್ಡು ಹಚ್ಚುವುದು ನಿಲ್ಲಲಿ, ಎರಡೂ ಕಡೆ ಎಣ್ಣೆ ಸಿಂಪಡಿಸುವ ಯಂತ್ರ ಬರಲಿ, ಹಚ್ಚುವ ಹೆಂಗಸನ್ನು ಬಿಡಿಸಿ ಅಂದರು. ನನಗೆ ಮೈ ಉರಿಯಿತು. ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ನೋಡದೆ ಬರೆದ ನನ್ನ ಒಂದು ಅಂಕಿಯಿಂದ ಯಾರದೋ ಕೆಲಸ ಹೋಗುವುದೆಂದರೇನು? ಮರುದಿನ ಹೊಸನಗರದ ಬಸ್ಸು ಹತ್ತಿದೆ.

ಜಿಡ್ಡು ಹಚ್ಚುವಾಕೆ ಮಾಸ್ತಿಕಟ್ಟೆ ಕಡೆಯವರು. ಕಾಡಿನ ಉಪ್ಪಾಗೆ ಹಣ್ಣಿನ ಬೀಜವನ್ನು ಮನೆಯಲ್ಲೇ ಬೇಯಿಸಿ ತೆಗೆದ ಗಟ್ಟಿ ತುಪ್ಪವನ್ನು ತಗಡಿನ ಕೆಳಮೈಗೆ ಪೂರ್ತಿ ತಿಕ್ಕಿದರು. ತಗಡು ಮಗುಚಿ, ನಡುವೆ ಚಹಾದ ತಟ್ಟೆಯೊಂದನ್ನು ಬೋರಲು ಹಾಕಿ, ಸುತ್ತಲಿನ ಅಂಚಿಗೆ ಮಾತ್ರ ಹಚ್ಚಿದರು. ತಟ್ಟೆ ಎತ್ತಿದಾಗ ನಡುವೆ ದುಂಡಗೆ ಒಣ ಜಾಗ.

"ಅಲ್ಲಿ ಯಾಕೆ ಬಿಟ್ರಿ?" ಅಂದೆ.

"ಅಲ್ಲೂ ಹಚ್ಚಿದ್ರೆ ಒತ್ತೋ ಗುಂಡಿಗೆ ಹಿಡ್ತ ಎಲ್ಲಿ ಸಿಗತ್ತೆ ಮಾರಾಯ್ರೆ? ತಗಡು ಹಿಗ್ಗಿ ಹಿಗ್ಗಿ ಹರ್ದು ಹೋಗತ್ತೆ."

ಘರ್ಷಣೆ ಎಂದರೆ ಎಲ್ಲ ಕಡೆಯೂ ಶತ್ರು ಎಂದೇ ನಾನು ಓದಿಕೊಂಡು ಬಂದಿದ್ದೆ. ಅಲ್ಲಿ ನಿಂತಾಗ ನಾಚಿಕೆಯಾಯಿತು.

ಎಂಜಿನಿಯರನ್ನು ಶೆಡ್ಡಿಗೇ ಕರೆಸಿದೆ. ಮೊದಲು ಅವರು ಹೇಳಿದಂತೆ ಎರಡೂ ಕಡೆ ಪೂರ್ತಿ ಎಣ್ಣೆ ಬಳಿದು ಒತ್ತಿಸಿದೆ. ತಳ ಹರಿಯಿತು, ನನ್ನ ಪರದೆ ಕೆಂಪಾಗಿದ್ದ ಜಾಗದಲ್ಲೇ. ಆಮೇಲೆ ಆಕೆ ತಮ್ಮ ರೀತಿಯಲ್ಲಿ ಹಚ್ಚಿಕೊಟ್ಟರು. ಬಟ್ಟಲು ಇಡಿಯಾಗಿ ಹೊರಬಂತು. ಎಂಜಿನಿಯರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಸರಿ, ಕೆಲಸದವರ ಕೈಚಳಕ ಅಂತ ಷರಾ ಬರೆದುಬಿಡಿ, ಅಂಕಿ ಹಾಗೇ ಇರಲಿ" ಅಂದರು.

"ಬರೆಯೋದಿಲ್ಲ," ಅಂದೆ. "ಇವರಿಗೆ ಗೊತ್ತಿದ್ದದ್ದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಈಗ ಲೆಕ್ಕದ ಒಳಗೇ ಬರುತ್ತೆ. ಜಿಡ್ಡಿಗೆ ಒಂದು ಅಂಕಿ, ಒಣ ಜಾಗಕ್ಕೆ ಇನ್ನೊಂದು. ಇಲ್ಲದಿದ್ದರೆ ಆ ವರದಿಗೆ ನನ್ನ ಸಹಿ ಇಲ್ಲ. ಬೇರೆಯವರ ಹತ್ತಿರ ಮಾಡಿಸಿಕೊಳ್ಳಿ."

ಅವರು ಹರಿದ ಬಟ್ಟಲನ್ನೂ ಇಡೀ ಬಟ್ಟಲನ್ನೂ ಕಾರಿನಲ್ಲಿಟ್ಟುಕೊಂಡರು. "ಹಾಗೇ ಕಳಿಸಿ. ಯಂತ್ರ ಸದ್ಯಕ್ಕೆ ಬೇಡ," ಅಂದು ಹೊರಟರು.

ಒಣ ಜಾಗದ ಅಳತೆ ತಪ್ಪಬಾರದೆಂದು ಆಕೆಯ ತಟ್ಟೆಯನ್ನೇ ಕೇಳಿದೆ. ಸೆರಗಿನಿಂದ ಒರೆಸಿ ಕೈಗೆ ಕೊಟ್ಟರು.

"ಇಲ್ಲೇ ಅಳ್ದು ವಾಪಸ್ ಕೊಡಿ," ಅಂದರು. "ನಾಳೆ ನಂಗೆ ಕೆಲ್ಸ ಇದೆ."