ಮೈದಾನಕ್ಕೆ ಗೆರೆ ಎಳೆಯುತ್ತಿದ್ದ ನಮ್ಮ ಬಾಸು

ರೆಡ್‌ವುಡ್ ಸಿಟಿಯ ನಮ್ಮ ಆಫೀಸಿಗೆ ಹೊಸ ಬಾಸು ಬಂದ ವಾರವೇ ಒಬ್ಬೊಬ್ಬರ ಮೇಜಿಗೂ ಹೋಗಿ ಪರಿಚಯ ಮಾಡಿಕೊಂಡರು. ಐರ್ಲೆಂಡಿನವರು, ಬೇರೊಂದು ದೊಡ್ಡ ಕಂಪನಿಯಿಂದ ನಮ್ಮ ವಿಭಾಗದ ಮುಖ್ಯಸ್ಥರಾಗಿ ಬಂದವರು ಎನ್ನುವುದಷ್ಟೇ ನನಗೆ ಗೊತ್ತಿತ್ತು. ದಿನಾ ಎಲ್ಲಿಂದ ಬರುತ್ತೀರಿ ಎಂದು ಕೇಳಿದರು.

"ಡಬ್ಲಿನ್‌ನಿಂದ," ಎಂದೆ.

ಅವರು ಹುಬ್ಬೇರಿಸಿದರು. "ನಾನು ಹುಟ್ಟಿದ್ದೂ ಡಬ್ಲಿನ್ನಲ್ಲೇ. ಅಲ್ಲಿಂದ ದಿನಾ ಓಡಾಡೋದು ಕಷ್ಟ ಅಂತ ಈ ದೇಶದಲ್ಲೇ ಮನೆ ಮಾಡಿದೆ."

ಅವರದು ಐರ್ಲೆಂಡಿನ ರಾಜಧಾನಿ, ನನ್ನದು ಇಲ್ಲೇ ಕ್ಯಾಲಿಫೋರ್ನಿಯಾದ ಕೊಲ್ಲಿಯ ಆಚೆ ದಡದ ಡಬ್ಲಿನ್. ಮೂರು ಬೀದಿ ದಾಟಿದರೆ ಕರಿಬೇವು ಸಿಗುವ ಊರು. ಅವರ ಮನೆಯೂ ಅಲ್ಲಿಗೆ ಹತ್ತಿರವೇ ಎಂದು ತಿಳಿದದ್ದು ಆ ಶನಿವಾರ. ಮಗಳನ್ನು ಸಾಕರ್ ಲೀಗಿಗೆ ಆಗಷ್ಟೇ ಸೇರಿಸಿದ್ದೆವು. ಅವಳನ್ನು ಕರೆದುಕೊಂಡು ಮೈದಾನಕ್ಕೆ ಹೋದರೆ, ಮಂಡಿಯವರೆಗಿನ ಚಡ್ಡಿ ಹಾಕಿಕೊಂಡ ಒಬ್ಬರು ಬಿಳಿ ಬಣ್ಣ ಸುರಿಸುವ ತಳ್ಳುಗಾಡಿ ಹಿಡಿದು ಹುಲ್ಲಿನ ಮೇಲೆ ಗೆರೆ ಎಳೆಯುತ್ತಿದ್ದರು. ಹಿಂದಿನ ದಿನವಷ್ಟೇ ದೊಡ್ಡ ಮೀಟಿಂಗಿನಲ್ಲಿ ಮುಂದಿನ ವರ್ಷದ ಯೋಜನೆ ವಿವರಿಸಿದ್ದ ಅದೇ ಮನುಷ್ಯ! ಲೀಗಿನ ಅಧ್ಯಕ್ಷರೂ ಅವರೇ ಎಂದು ಪಕ್ಕದಲ್ಲಿದ್ದವರು ಹೇಳಿದರು.

"ಸಾಕರ್ ಅಲ್ಲ, ಫುಟ್‌ಬಾಲ್," ಎಂದು ಅವರು, ಸಾಕರ್ ಆಡಲು ಬಂದೆ ಎಂದ ನನ್ನ ಮಗಳ ಕೈ ಕುಲುಕುತ್ತ ತಿದ್ದಿದರು.

"ಅಮ್ಮಾ, ಹೀ ಈಸ್ ಫನ್ನಿ," ಎಂದಳು ಅವಳು.

ಮರುವಾರದಿಂದ ನಾವಿಬ್ಬರೂ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗತೊಡಗಿದೆವು. ಒಬ್ಬರಿಗಿಂತ ಹೆಚ್ಚು ಜನರಿರುವ ಕಾರಿಗಷ್ಟೇ ಬಿಡುವ ಕಾರ್‌ಪೂಲ್ ಲೇನಿನ ಆಸೆಗೆ ಶುರುವಾದದ್ದು. ಆದರೆ ಕೊಲ್ಲಿಯ ಮೇಲಿನ ಸೇತುವೆ ದಾಟುವಷ್ಟರಲ್ಲಿ ಅವರ ಬದುಕಿನ ಒಂದೊಂದು ಕಂತು ಕೇಳಿಸಿಕೊಳ್ಳುವುದು ನನಗೆ ಚಟವಾಯಿತು. ಹದಿಹರೆಯದಲ್ಲಿ ಬ್ರೆಡ್ಡಿನ ವ್ಯಾನು ಓಡಿಸಿದ್ದರಂತೆ. ಆಮೇಲೆ ಶಾಲೆಯಲ್ಲಿ ಗಣಿತದ ಮೇಷ್ಟ್ರು. ವಾರಾಂತ್ಯದಲ್ಲಿ ಊರಿನ ರೇಡಿಯೋಗೆ ಫುಟ್‌ಬಾಲ್ ಕಾಮೆಂಟರಿ. ಟೆಲಿಫೋನ್ ಕಂಪನಿಯಲ್ಲಿ ಪ್ರೋಗ್ರಾಮಿಂಗ್ ಕಲಿತರು, ಗೆಳೆಯನ ಜೊತೆ ಸ್ವಂತ ಕಂಪನಿ ಕಟ್ಟಿದರು, ಅದು ಮುಳುಗಿತು, ಕ್ಯಾಲಿಫೋರ್ನಿಯಾಗೆ ಬಂದರು. ಯಾವ ಊರಿಗೆ ಹೋದರೂ ಮೊದಲು ಹುಡುಕುತ್ತಿದ್ದದ್ದು ಅಲ್ಲಿನ ಫುಟ್‌ಬಾಲ್ ಕ್ಲಬ್ಬನ್ನು. ಆಟದಲ್ಲಿ ತಾವು ಸಾಧಾರಣ, ಆಟ ನಡೆಸುವುದರಲ್ಲಿ ಮಾತ್ರ ಪರವಾಗಿಲ್ಲ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಸೇತುವೆಯ ಮೇಲೆ ಟ್ರಾಫಿಕ್ಕು ನಿಂತಿದ್ದಾಗ ಇದ್ದಕ್ಕಿದ್ದಂತೆ ಕೇಳಿದರು: "ನೀವು ಅಮ್ಮಂದಿರೆಲ್ಲ ಪ್ರತಿ ಶನಿವಾರ ಬಾಟಲು ಹಿಡ್ಕೊಂಡು ನಿಂತೇ ಇರ್ತೀರಲ್ಲ, ನೀವ್ಯಾಕೆ ಆಡಬಾರದು?"

"ನಮಗೆ ಆಡೋಕೆ ಬರಲ್ಲ."

"ನಿಮ್ಮ ಮಕ್ಕಳಿಗೂ ಬರಲ್ಲ. ಆದ್ರೂ ಆಡ್ತಾ ಇದ್ದಾರಲ್ಲ?"

ನಗು ಬಂತು, ಆದರೆ ಆ ಮಾತು ತಲೆಯಿಂದ ಇಳಿಯಲಿಲ್ಲ. ಸಂಜೆ ನಮ್ಮ ಬೀದಿಯ ದಾವಣಗೆರೆಯ ಗೆಳತಿಗೆ ಫೋನು ಮಾಡಿದೆ. ಅವಳು ದಂತವೈದ್ಯೆ, ದಿನವಿಡೀ ಬಗ್ಗಿ ಬಗ್ಗಿ ಬೆನ್ನು ನೋವು ಎಂದು ಗೋಳಾಡುವವಳು. ಬೇಡ ಎನ್ನುತ್ತಾಳೆ ಅಂದುಕೊಂಡಿದ್ದೆ. "ಜರ್ಸಿ ಯಾವ ಕಲರ್ರು?" ಎಂದು ಕೇಳಿದಳು. ಅವಳು ಇನ್ನಿಬ್ಬರಿಗೆ ಹೇಳಿದಳು, ಅವರು ಮತ್ತಷ್ಟು ಜನಕ್ಕೆ. ನೋಡನೋಡುತ್ತಲೇ ತಂಡವಾಯಿತು.

ಆದರೆ ಲೀಗಿನ ಸಮಿತಿ ಒಪ್ಪಬೇಕಿತ್ತು. ಆ ಮೀಟಿಂಗಿಗೆ ನನ್ನನ್ನೂ ಕರೆದರು. ಮೈದಾನ ಖಾಲಿಯಿಲ್ಲ, ಹೊಸಬರು ಕಾಲು ಮುರಿದುಕೊಂಡರೆ ಯಾರು ಜವಾಬ್ದಾರಿ, ಮಕ್ಕಳ ಪಂದ್ಯಗಳಿಗೇ ಸಮಯ ಸಾಲುತ್ತಿಲ್ಲ ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದರು. ಯಾವುದೂ ಸುಳ್ಳಲ್ಲ. ನನ್ನ ಮುಖ ಸಣ್ಣದಾಯಿತು. ನಮ್ಮ ಬಾಸು ಎಲ್ಲರ ಮಾತು ಮುಗಿಯುವವರೆಗೆ ಕಾದರು. ಪ್ರತಿ ಭಾನುವಾರ ಬೆಳಿಗ್ಗೆ ಅದೇ ಮೈದಾನದಲ್ಲಿ ಅವರೂ ಅವರ ವಯಸ್ಸಿನ ಗೆಳೆಯರೂ ಆಡುತ್ತಿದ್ದರು.

"ನಮ್ಮ ಮುದುಕರ ತಂಡದ ಸಮಯ ಅವರಿಗೆ ಕೊಡ್ತೀವಿ," ಎಂದರು. "ನಾವು ಎಲ್ಲಾದರೂ ಪಾರ್ಕಿನಲ್ಲಿ ಆಡ್ಕೋತೀವಿ. ಮೊದಲ ತಿಂಗಳು ತರಬೇತಿ ಕೊಡೋದೂ ನನ್ನ ಜವಾಬ್ದಾರಿ."

ಇನ್ನು ಯಾರು ಏನು ಹೇಳಿಯಾರು? ಕೈಗಳು ಒಂದೊಂದಾಗಿ ಮೇಲೆದ್ದವು. ನಾನು ಕಾರಿಗೆ ಹೋಗುವ ಮೊದಲೇ, ಕಾರಿಡಾರಿನಲ್ಲೇ ನಿಂತು ಗೆಳತಿಗೆ ಫೋನು ಮಾಡಿ ಕಿರುಚಿದೆ.

ಆಮೇಲಿನದು ಸೋಲುಗಳ ಸರಮಾಲೆ. ಬೇರೆ ಊರುಗಳ ತಂಡಗಳಲ್ಲಿದ್ದ, ಕಾಲೇಜಿನಲ್ಲಿ ಆಡಿ ಪಳಗಿದ ಹೆಂಗಸರು ನಮ್ಮ ನಡುವೆ ಗಾಳಿಯಂತೆ ನುಗ್ಗಿ ಹೋಗುತ್ತಿದ್ದರು. ನನಗೆ ಎಡಬದಿಯ ರಕ್ಷಣೆಯ ಕೆಲಸ; ಬಹುಪಾಲು ಅವರ ಬೆನ್ನು ನೋಡುವ ಕೆಲಸ. ಮೊದಲ ಪಂದ್ಯದ ಮರುದಿನ ಆಫೀಸಿನ ಮೆಟ್ಟಿಲು ಇಳಿಯಲಾರದೆ ಲಿಫ್ಟಿಗೆ ಕಾದೆ. ಆದರೂ ಭಾನುವಾರ ಅಲಾರಮ್ಮಿಗೆ ಮೊದಲೇ ಎಚ್ಚರವಾಗುತ್ತಿತ್ತು. ಮದುವೆಗೆ ಹೊರಡುವ ದಿನದಂಥ ಸಡಗರ.

ಸೀಸನ್ನಿನ ಕೊನೆಯ ಪಂದ್ಯಕ್ಕೆ ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಯೂ ಹೊರಟರು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಮೊಮ್ಮಗಳ ಹಳೆಯ ಶೂ. ಮಡಚುವ ಕುರ್ಚಿ ಹಾಕಿಕೊಂಡು ಗೆರೆಯ ಅಂಚಿನಲ್ಲೇ ಕೂತರು. ಅವರ ಪಕ್ಕದಲ್ಲಿ ನಮ್ಮ ಬಾಸು, ಕೈಯಲ್ಲಿ ಲೀಗಿನ ಮೈಕು. ಅಂದು ಅವರಿಗೆ ಹಳೆಯ ರೇಡಿಯೋ ನೆನಪಾಗಿರಬೇಕು, ಕಾಮೆಂಟರಿ ಶುರು ಮಾಡಿಯೇಬಿಟ್ಟರು. ಅವರ ಇಂಗ್ಲಿಷು ವೇಗ ಹೆಚ್ಚಿದಂತೆ ಅರ್ಧ ನಮಗೇ ತಿಳಿಯುತ್ತಿರಲಿಲ್ಲ. ಮೈಕಿನ ಹತ್ತಿರವೇ ಕೂತಿದ್ದ ಅತ್ತೆಯ ದನಿಯೂ ಮೈದಾನಕ್ಕೆಲ್ಲ ಕೇಳಿಸಿತು.

"ಏ, ಯಾಕ ನಿಂತಿ? ಓಡ! ಚೆಂಡು ನಿನ್ನ ಕಡೇನ ಬರಾಕತ್ತೈತಿ ನೋಡ!"

ಬಾಸು ನಕ್ಕು ಮೈಕನ್ನು ಅವರ ಕಡೆಗೇ ಹಿಡಿದರು. ಅತ್ತೆ ಒಂದಿಷ್ಟೂ ಹಿಂಜರಿಯಲಿಲ್ಲ. "ಒದಿಯವ್ವ, ಜೋರಾಗಿ ಒದಿ!"

ಚೆಂಡು ನಿಜಕ್ಕೂ ನನ್ನತ್ತಲೇ ಬರುತ್ತಿತ್ತು. ಕಣ್ಣು ಮುಚ್ಚಿದೆನೋ ತೆರೆದಿದ್ದೆನೋ, ಇದ್ದ ಬಲವನ್ನೆಲ್ಲ ಹಾಕಿ ಒದ್ದೆ. ಅದು ಮೈದಾನದ ಅರ್ಧ ದಾಟಿ ಎಲ್ಲರ ತಲೆಯ ಮೇಲೆ ಹಾರಿತು, ಪುಟಿಯಿತು, ಎದುರು ತಂಡದ ಗೋಲಿನ ಮುಂದೆ ಬೇರೆಲ್ಲೋ ತಿರುಗಿ ನೋಡುತ್ತಿದ್ದ ನಮ್ಮ ದಂತವೈದ್ಯೆಯ ಮಂಡಿಗೆ ಬಡಿದು ಸೀದಾ ಬಲೆಯೊಳಗೆ ಹೋಯಿತು. ಏನಾಯಿತೆಂದು ಅವಳಿಗೇ ಗೊತ್ತಾಗಲಿಲ್ಲ. ಮರುಕ್ಷಣ ಮೈಕಿನಲ್ಲಿ "ಗೋಲ್" ಎಂಬ ಐರಿಷ್ ಕೂಗು, ಅದರ ಮೇಲೆ "ಭಲೇ ನನ್ನ ಸೊಸಿ!" ಎಂಬ ಹುಬ್ಬಳ್ಳಿಯ ಕೂಗು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಎಂದೂ ನನ್ನನ್ನು ಗೆಳತಿಯರೆದುರು ಅಪ್ಪಿಕೊಳ್ಳದ ಮಗಳು ಓಡಿ ಬಂದು ಕುತ್ತಿಗೆಗೆ ಜೋತುಬಿದ್ದಳು. ಪಂದ್ಯ ಸಮವಾಯಿತು, ಗೆಲ್ಲಲಿಲ್ಲ. ಗೆದ್ದಿದ್ದರೆ ಇನ್ನೇನು ಮಾಡುತ್ತಿದ್ದೆವೋ ಗೊತ್ತಿಲ್ಲ.

ಮರುದಿನ ಸೇತುವೆಯ ಮೇಲೆ ಬಾಸು ಹೇಳಿದರು: "ನಾನು ಕೆಲಸ ಬಿಡ್ತಾ ಇದ್ದೀನಿ."

ಬೇರೆ ಕಂಪನಿಯೇ ಎಂದು ಕೇಳಿದೆ. ಅಲ್ಲ. ಅವರ ದೇಶದ ಒಂದು ಫುಟ್‌ಬಾಲ್ ಸಂಸ್ಥೆ ತನ್ನ ಆಡಳಿತ ನೋಡಿಕೊಳ್ಳಲು ಅವರನ್ನು ಕರೆದಿತ್ತು. ಸಾಫ್ಟ್‌ವೇರಿನ ಇಷ್ಟು ದೊಡ್ಡ ಹುದ್ದೆ ಬಿಟ್ಟು ಹೋಗುವವರ ಮುಖದಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಸ್ಟೀರಿಂಗಿನ ಮೇಲೆ ಬೆರಳು ತಾಳ ಹಾಕುತ್ತಿತ್ತು. ನನಗೆ ಮೊದಲು ಬೇಸರವಾಯಿತು, ಆಮೇಲೆ ಅವರ ಖುಷಿ ನನಗೂ ಅಂಟಿತು.

"ಲೀಗಿಗೆ ಅಧ್ಯಕ್ಷರು ಬೇಕು," ಎಂದರು. "ಚುನಾವಣೆಗೆ ನೀವು ನಿಲ್ಲಿ."

"ನನಗೆ ಆಫ್‌ಸೈಡ್ ಅಂದ್ರೇನು ಅಂತ್ಲೇ ಸರಿಯಾಗಿ ಗೊತ್ತಿಲ್ಲ."

"ಸಮಿತಿಯಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಒಪ್ಕೊಂಡಿರೋದು ನೀವೊಬ್ರೇ."

ಮನೆಯಲ್ಲಿ ಹೇಳಿದೆ. ಗಂಡ, "ಆಫೀಸಿನ ಜೊತೆ ಆಗುತ್ತಾ?" ಎಂದು ಅನುಮಾನದಿಂದ ಕೇಳಿದ. ಒಗ್ಗರಣೆ ಹಾಕುತ್ತಿದ್ದ ಅತ್ತೆ ಸೌಟು ಹಿಡಿದೇ ತಿರುಗಿದರು. "ಅಕಿ ಸಾಹೇಬ್ರು ಮಾಡ್ಲಿಲ್ಲೇನು ಆಫೀಸಿನ ಜೋಡಿ? ಅಕಿ ಯಾಕ ಮಾಡಬಾರ್ದು? ನಿಂದರವ್ವ, ನಾ ಅದೀನಿ."

ನಿಂತೆ. ಇನ್ನೊಬ್ಬರು ಎದುರು ನಿಂತಿದ್ದರು. ಅಮ್ಮಂದಿರ ತಂಡವೆಲ್ಲ ಬಂದು ಮತ ಹಾಕಿತು, ಗೆದ್ದೆ.

ಹೊಸ ಸೀಸನ್ನಿನ ಮೊದಲ ಭಾನುವಾರ ಕ್ಯುಪರ್ಟಿನೋದಿಂದಲೂ ಒಂದು ಅಮ್ಮಂದಿರ ತಂಡ ಬಂತು. ಕಾರುಗಳಿಂದ ಇಳಿಯುತ್ತಿದ್ದವರಲ್ಲಿ ಒಬ್ಬಾಕೆ ಮಗುವನ್ನು ಗಂಡನ ಕೈಗೆ ಕೊಟ್ಟು ಬೂಟಿನ ದಾರ ಬಿಗಿಯುತ್ತಿದ್ದಳು.

"ಅಕ್ಕಾ, ಇದು ನಂದು ಫಸ್ಟ್ ಮ್ಯಾಚು," ಎಂದಳು. "ಎಲ್ಲಿ ನಿಂತ್ಕೋಬೇಕು ಅಂತ್ಲೂ ಗೊತ್ತಿಲ್ಲ."

ಅವಳ ಕೈ ಹಿಡಿದು ಮೈದಾನದ ನಡುವಿಗೆ ಕರೆದುಕೊಂಡು ಹೋಗಿ ಜಾಗ ತೋರಿಸಿದೆ. ರೆಫ್ರಿ ಗಡಿಯಾರ ನೋಡಿ, ಹೊಸ ಅಧ್ಯಕ್ಷೆಯಾದ ನನ್ನತ್ತ ತಲೆ ಆಡಿಸಿದರು. ಶುರು ಮಾಡಿ ಎಂದು ಕೈ ಎತ್ತಿದೆ.