ತವರಿನ ಹೆಸರೂ ಕೇಳು

ಉದಗೀರದಲ್ಲಿ ಕಿವಿ ಮಷಿನ್ ಮಾರುವ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೇನೆ. ನಿಲಂಗಾ, ಉಮರ್ಗಾದಲ್ಲೂ ನಮ್ಮ ಅಂಗಡಿಗಳಿವೆ. ಗಿರಾಕಿಗಳ ಫೋನು ಎತ್ತುವವಳು ನಾನೇ ಆಗಿದ್ದೆ. ಕಿವುಡರ ಜೊತೆ ಫೋನಿನಲ್ಲಿ ಮಾತಾಡಿ ಸಂಬಳ ತರುವವಳು ಎಂದು ಗಂಡ ಈಗಲೂ ನಗುತ್ತಾರೆ. ಹೋದ ವರ್ಷ ಆ ಫೋನಿಗೆ ಎಐ ಏಜೆಂಟ್ ಬಂದು ಕೂತ. ಮೂರೂ ಅಂಗಡಿಗಳ ದಾಖಲೆ ಹುಡುಕಿ, ಯಾರ ಕಿವಿಗೆ ಎಷ್ಟು ಸದ್ದು ಇಡಬೇಕು ಎಂದು ಹೇಳುವುದು ಅವನ ಕೆಲಸ. ಕನ್ನಡದಲ್ಲಿ ಕೇಳಿದರೆ ಕನ್ನಡ, ಮರಾಠಿಯಲ್ಲಿ ಕೇಳಿದರೆ ಮರಾಠಿ. ಹೊಸ ಅಳಿಯನ ಹಾಗೆ ಬಲು ಮರ್ಯಾದಸ್ಥ, ಆದರೆ ಹೇಳಿದ್ದಷ್ಟೇ ಗೊತ್ತು.

ಒಂದು ಶನಿವಾರ ನಿಲಂಗಾದಿಂದ ಒಬ್ಬ ಸೊಸೆ ಸಿಟ್ಟಿನಿಂದ ನನ್ನನ್ನೇ ಹುಡುಕಿಕೊಂಡು ಫೋನ್ ಮಾಡಿದಳು.

"ಅಕ್ಕೋರೇ, ನಿಮ್ಮ ಫೋನಿನಾಗಿನ ಅಂವಾ ನಮ್ಮ ಅತ್ತಿ ಇಲ್ಲೇ ಇಲ್ಲ ಅಂತಾನ. ಅತ್ತಿ ನನ್ನ ಎದುರಿಗೇ ಕುಂತಾರ ನೋಡ್ರಿ!"

ಅತ್ತೆಯ ಮಷಿನ್ ಸೀರೆಯ ಸೆರಗಿನಲ್ಲಿ ಸಿಕ್ಕಿಕೊಂಡು ಬಟ್ಟೆಯ ಜೊತೆ ಒಗೆತಕ್ಕೆ ಹೋಗಿತ್ತು. ಹೊಸದು ನಿಲಂಗಾದ ಅಂಗಡಿಯಲ್ಲಿ ಸಿದ್ಧವಿತ್ತು, ಹಳೆಯ ದಾಖಲೆ ನೋಡಿ ಸದ್ದು ಹೊಂದಿಸುವುದೊಂದೇ ಬಾಕಿ. ನಮ್ಮ ಅಳಿಯ, ಅದೇ ಏಜೆಂಟ್ ಮಾತ್ರ, ನೀವು ಹೊಸ ಗಿರಾಕಿ, ಸೋಮವಾರ ಉದಗೀರಕ್ಕೆ ಬಂದು ಕಿವಿ ತೋರಿಸಿ ಎಂದಿದ್ದ. ಮರುದಿನವೇ ಗುಂಜೋಟಿಯಲ್ಲಿ ಅತ್ತೆಯ ಅಣ್ಣನ ಮೊಮ್ಮಗಳಿಗೆ ಹೆಸರಿಡುವುದಿತ್ತು. ಆ ಮನೆಯಲ್ಲಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವ ಮಾನ ಮೊದಲಿಂದಲೂ ಇವರದು. ಬಗ್ಗಿ ಹೆಸರು ಹೇಳುವಾಗ ಹೆಂಗಸರೆಲ್ಲ ಸೇರಿ ಬೆನ್ನಿಗೆ ಗುದ್ದುತ್ತಾರೆ, ಅದೂ ಇವರದೇ. ಆದರೆ ಇಡಬೇಕಾದ ಹೆಸರನ್ನು ಯಾರಾದರೂ ಇವರಿಗೆ ಪಿಸುಗುಟ್ಟಬೇಕಲ್ಲ? ಕಿವಿ ಕೇಳಿಸದಿದ್ದರೆ ಆ ಮಾನ ಬೇರೆಯವರಿಗೆ ಹೋಗುತ್ತಿತ್ತು.

"ಅತ್ತಿ ಮುಂಜಾನಿಂದ ಚಹಾ ಬಿಟ್ರ ಏನೂ ಮುಟ್ಟಿಲ್ರಿ," ಎಂದಳು ಸೊಸೆ.

"ಹಳೆ ಮಷಿನ್ ಎಲ್ಲಿ ತಗೊಂಡಿದ್ರಿ?"

"ಉಮರ್ಗಾದಾಗ. ಅವರ ಅಣ್ಣ ಕರಕೊಂಡು ಹೋಗಿದ್ರು. ಈಗ ಅವರಿಲ್ರಿ."

"ಹಂಗಾದ್ರ ಮಾಹೇರದ, ತವರಮನಿ ಹೆಸರು ಹೇಳ್ರಿ."

ನಮ್ಮ ಕಡೆ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಉಂಗುರದಿಂದ ಹುಡುಗಿಗೆ ಹೊಸ ಹೆಸರು ಬರೆಯುತ್ತಾರೆ. ನಾನೂ ಬೀದರ ಕಡೆಯಿಂದ ಒಂದು ಹೆಸರು ಹೊತ್ತು ಬಂದು, ಊಟದ ಹೊತ್ತಿಗೆ ಇನ್ನೊಬ್ಬಳಾದವಳು. ರೇಷನ್ ಕಾರ್ಡಿಗೆ, ಬ್ಯಾಂಕಿಗೆ, ಅತ್ತೆಮನೆಗೆ ಹೊಸ ಹೆಸರೇ. ಆದರೆ ನನ್ನ ಅಣ್ಣನ ನಾಲಿಗೆಗೆ ಅದು ಜಪ್ಪಯ್ಯ ಅಂದರೂ ಹೊರಳುವುದಿಲ್ಲ. ಉಮರ್ಗಾದ ಅಂಗಡಿಯವರೂ ಆ ಅತ್ತೆಯ ಅಣ್ಣ ಹೇಳಿದ್ದನ್ನೇ ಬರೆದುಕೊಂಡಿರಬೇಕು ಎಂದು ನನಗೆ ಅನಿಸಿತು.

ಸೊಸೆಗೆ ಆ ಹೆಸರೇ ಗೊತ್ತಿರಲಿಲ್ಲ. ಅತ್ತೆಯ ಕಿವಿಗೆ ಬಾಯಿ ಹಚ್ಚಿ ಕೂಗಿದಳು. ಆಮೇಲೆ ಅತ್ತೆಯ ದನಿಯೇ ಬಂತು, ಆ ಹೆಸರೊಂದನ್ನೇ ಹೇಳಿದರು. ನಾನು ಅದನ್ನು ಏಜೆಂಟನಿಗೆ ಹೇಳಿದ್ದೇ ತಡ, ದಾಖಲೆ ತಂದು ಮುಂದಿಟ್ಟ. ಕೈಯಲ್ಲೇ ಇಟ್ಟುಕೊಂಡಿದ್ದ ಪುಣ್ಯಾತ್ಮ! ಕೇಳಬೇಕೆಂಬುದು ಗೊತ್ತಿರಲಿಲ್ಲ, ಅಷ್ಟೇ. ಅವತ್ತೇ ನಿಲಂಗಾದಲ್ಲಿ ಮಷಿನ್ ಹೊಂದಿಸಿ ಕೊಟ್ಟರು.

ನನ್ನ ಸಿಟ್ಟು ಇಳಿಯಲಿಲ್ಲ. ಏಜೆಂಟನನ್ನು ಕಟ್ಟಿದ ಪುಣೆಯ ಎಂಜಿನಿಯರನಿಗೆ ಫೋನ್ ಹಚ್ಚಿದೆ. ಏಜೆಂಟ್ ಬಳಸುವ ಒಂದೊಂದು ಟೂಲಿಗೂ, ಅಂದರೆ ಸಲಕರಣೆಗೂ, ಒಂದು ವಿವರಣೆ ಇರುತ್ತದಂತೆ, ಅದನ್ನು ಓದಿಯೇ ಅವನು ಮುಂದಿನ ಹೆಜ್ಜೆ ಇಡುತ್ತಾನಂತೆ. ದಾಖಲೆ ಹುಡುಕುವ ಟೂಲಿನ ವಿವರಣೆ ಓದು ಎಂದೆ. ಓದಿದ: 'ಗಿರಾಕಿಯ ಮಾಹಿತಿ ತರುತ್ತದೆ.' ಮುಗಿಯಿತು! ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಅತ್ತೆ ಹೀಗೇ, ಡಬ್ಬಿ ತಾ ಎನ್ನುತ್ತಿದ್ದರು. ಹಲಗೆಯ ಮೇಲೆ ಸಾಲು ಡಬ್ಬಿಗಳು. ನಾನು ತಂದ ಡಬ್ಬಿಯ ಉಪ್ಪು ಹಾಕಿ ಮಾಡಿದ ಚಹಾದ ಸುದ್ದಿ ಓಣಿಯಲ್ಲಿ ಇನ್ನೂ ಹಳೆಯದಾಗಿಲ್ಲ.

ನೀವೇ ಬರೀರಿ ಎಂದ ಎಂಜಿನಿಯರ್. ಬರೆದೆ. ಹೆಸರಿನಿಂದ ಇಲ್ಲವೇ ಫೋನ್ ನಂಬರಿನಿಂದ ಹಳೆ ಗಿರಾಕಿಯ ದಾಖಲೆ ಹುಡುಕುವುದಕ್ಕೆ ಈ ಟೂಲು. ಒಂದೇ ನಂಬರು ಇಡೀ ಮನೆಯದಾಗಿರಬಹುದು. ದಾಖಲೆ ಸಿಗದಿದ್ದರೆ ಹೊಸಬರು ಎಂದು ತೀರ್ಮಾನಿಸಬೇಡ. ಹೆಂಗಸರಾದರೆ ತವರಿನ ಹೆಸರೂ ಕೇಳು; ಮಷಿನ್ ಯಾವ ಊರಲ್ಲಿ, ಯಾರ ಜೊತೆ ಹೋಗಿ ತಂದರು ಎಂದೂ ಕೇಳು. ಒಂದೇ ಹೆಸರಿನ ಇಬ್ಬರು ಸಿಕ್ಕರೆ ಊಹೆ ಮಾಡಿ ಒಬ್ಬರದನ್ನು ಇನ್ನೊಬ್ಬರಿಗೆ ಒಪ್ಪಿಸಬೇಡ. ಯಾರೆಂದು ಖಾತ್ರಿಯಾದ ಮೇಲೆಯೇ ಬಾಯಿ ಬಿಡು.

"ತಾಈ, ಏವ್ಢ ಮೋಠ?" ಇಷ್ಟುದ್ದವೇ ಎಂದು ಎಂಜಿನಿಯರ್ ಗೊಣಗಿದ. ನಿನ್ನ ಹೆಂಡತಿಯ ತವರಿನ ಹೆಸರೇನು ಎಂದು ಕೇಳಿದೆ. ನಾನು ಬರೆದಷ್ಟನ್ನೂ ಹಾಗೆಯೇ ಹಾಕಿದ.

ಮುಂದಿನ ವಾರ ನಿಲಂಗಾದ ಅತ್ತೆ ತಾವೇ ಫೋನ್ ಮಾಡಿದರು. ಏಜೆಂಟ್ ತವರಿನ ಹೆಸರು ಕೇಳಿದ, ಹೇಳಿದರು. ಆ ಹೆಸರಿಗೇ ಅವ್ವಾರೇ ಎಂದು ಸೇರಿಸಿ ಮಾತಾಡಿಸಿದ. ಆಮೇಲೆ ಅವರು ನನ್ನ ಜೊತೆ ಮಾತಾಡಬೇಕು ಎಂದರು.

"ಹೆಸರು ಕೇಳ್ಸಿತೇನ್ರಿ ಅವತ್ತ?" ಎಂದೆ.

"ಕೇಳ್ಸಿತು. ಕೂಸಿಗಿ ನಾನೇ ಹೇಳ್ದೆ. ಗುದ್ದೂ ಜೋರೇ ಬಿದ್ದವು," ಎಂದು ನಕ್ಕರು.

ನನಗೂ ಖುಷಿಯಾಯಿತು. ಇನ್ನು ತೊಂದರೆಯಾಗದ ಹಾಗೆ ದಾಖಲೆಯಲ್ಲೂ ರೇಷನ್ ಕಾರ್ಡಿನ ಹೊಸ ಹೆಸರನ್ನೇ ಹಾಕಿಬಿಡಲೇ ಎಂದು ಕೇಳಿದೆ.

"ಬ್ಯಾಡವ್ವ," ಎಂದರು. "ಅಣ್ಣ ಹ್ವಾದ ಮ್ಯಾಲ ಆ ಹೆಸರು ಹಿಡದು ನನಗ ಯಾರೂ ಕರದಿಲ್ಲ. ಈಗ ಅಂವಾ ಕರದ. ಫೋನ್ ಇನ್ನೊಮ್ಮೆ ಅವನ ಕೈಗೇ ಕೊಡು."